ಉಂಡ ಮನೆಯ ಜಂತೆ ಎಣಿಸಬಾರದೇ?

ಈ ಸಲ ಒಂದೇ ಪತ್ರಕ್ಕೆ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಸರದಿ.

ಧಾರವಾಡದಲ್ಲಿ ಬಿ.ಎಸ್ಸಿ. ಮೂರನೇ ಸೆಮಿಸ್ಟರ್ ಓದುತ್ತಿರುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರಿರುವುದು ಟ್ರಸ್ಟ್ ಒಂದರ ಲೇಡೀಸ್ ಹಾಸ್ಟೆಲ್, ಫೀಸು ಕೊಟ್ಟು ಇರುವಂಥದ್ದು. ಅವರ ಮಹಡಿಯಲ್ಲಿ 42 ಹುಡುಗಿಯರಿಗೆ ನಾಲ್ಕು ಶೌಚಾಲಯ. ಅದರಲ್ಲಿ ಒಂದಕ್ಕೆ ಬೀಗ, ಇನ್ನೊಂದು ಕಟ್ಟಿಕೊಂಡು ತಿಂಗಳಾಗಿದೆ. ನೀರು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ರೂಮಿನಲ್ಲಿ ನಾಲ್ವರು. ಒಬ್ಬಳಿಗೆ ಮೈತುಂಬ ತುರಿಕೆ ಶುರುವಾದ ಮೇಲೆ ಅವಳ ಮಂಚವನ್ನು ಬಾಗಿಲ ಹತ್ತಿರಕ್ಕೆ ತಳ್ಳಿದ್ದಾರಂತೆ. ವಾರ್ಡನ್ ಮೇಡಂಗೆ ಹೇಳಿದರೆ ಮೊದಲ ಸಲ ಬಂದ ಉತ್ತರ, 'ನಿಮ್ಮ ಸ್ವಚ್ಛತೆ ನಿಮ್ಮ ಕೈಲಿದೆ.' ಎರಡನೇ ಸಲ, 'ಉಂಡ ಮನೆಯ ಜಂತೆ ಎಣಿಸಬೇಡಿ.' ಪತ್ರದ ಕೊನೆಗೆ ಎರಡು ಪ್ರಶ್ನೆ ಇವೆ. 'ನಾವೇ ಕ್ಲೀನ್ ಮಾಡಿಕೊಳ್ಳಬೇಕಾ, ಇಲ್ಲ ದೂರು ಕೊಡಬೇಕಾ? ದೀಪಾವಳಿ ರಜೆಗೆ ಊರಿಗೆ ಹೋದರೆ ಮನೆಯಲ್ಲಿ ಅಕ್ಕನ ಕೂಸಿದೆ, ಹೋಗಬಹುದಾ?'

ತಂಗಿ, ಮೊದಲು ಜಂತೆ ಎಣಿಸಿ. ಸಿಟ್ಟು, ಅಳು, ವಾಟ್ಸ್ಆ್ಯಪ್ ಗ್ರೂಪಿನ ಜಗಳ ಎಲ್ಲ ಆಮೇಲೆ.

ಕಟ್ಟಡಗಳಲ್ಲಿ ನೀರು, ಶೌಚಾಲಯ ಎಷ್ಟಿರಬೇಕು ಅಂತ ಭಾರತೀಯ ಮಾನಕ ಬ್ಯೂರೋ ಬರೆದಿಟ್ಟಿದೆ. ಐಎಸ್ 1172 ಅಂತ ಅದರ ನಂಬರು. ಹಾಸ್ಟೆಲ್ ಆದರೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ಹುಡುಗಿಯರಿಗೆ ಆರು ಜನಕ್ಕೊಂದು ಶೌಚಾಲಯ, ಹುಡುಗರಿಗೆ ಎಂಟು ಜನಕ್ಕೊಂದು. ನಿಮ್ಮ 42 ಜನಕ್ಕೆ ಏಳು ಬೇಕು. ಬಳಸಲು ಬರುತ್ತಿರುವುದು ಎರಡು. ಅಂದರೆ ಒಂದೊಂದಕ್ಕೆ 21 ಜನ. ಒಬ್ಬರಿಗೆ ಐದೇ ನಿಮಿಷ ಅಂತ ಇಟ್ಟರೂ ಸರದಿ ಮುಗಿಯಲು ಒಂದೂ ಮುಕ್ಕಾಲು ಗಂಟೆ. ನೀರು ಬರುವುದೋ ಒಂದು ಗಂಟೆ! ಹಾಗಾದರೆ ಒಂದೊಂದರ ಸರದಿಯಲ್ಲೂ ಕೊನೆಯ ಒಂಬತ್ತು ಜನ ನೀರಿಲ್ಲದೆ ಹೋಗಬೇಕು. ಅವರ ಹಿಂದೆ ಹೋದವಳು 'ಛೀ, ಎಂಥಾ ಹುಡುಗಿಯರು' ಅನ್ನುತ್ತಾಳೆ. ಯಾವ ಹುಡುಗಿಯೂ ಅಲ್ಲಿ ತಪ್ಪು ಮಾಡಿಲ್ಲ, ಲೆಕ್ಕ ತಪ್ಪಿದೆ ಅಷ್ಟೆ. 42 ಜನರನ್ನು ಸೇರಿಸಿಕೊಳ್ಳುವಾಗ ಫೀಸು ಮಾತ್ರ ಎಣಿಸಿದ್ದಾರೆ.

ಬೆಂಗಳೂರಿನ ಪಿಜಿಗಳಿಗೆ ಬಿಬಿಎಂಪಿ 2024ರ ಆಗಸ್ಟ್‌ನಲ್ಲಿ ನಿಯಮ ತಂದಾಗಲೂ ಇದೇ 135 ಲೀಟರ್ ಬರೆಯಿತು. ಜೊತೆಗೆ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರಬೇಕು ಅಂದಿತು. ಆ ನಿಯಮ ಧಾರವಾಡಕ್ಕೆ ಬರುವುದಿಲ್ಲ, ನಿಜ. ಆದರೆ ಟೇಪು ಹಿಡಿದು ನಿಮ್ಮ ರೂಮನ್ನು ಒಮ್ಮೆ ಅಳೆದು ನೋಡಿ. ಮಂಚಗಳ ನಡುವೆ ಕಾಲಿಡಲು ಜಾಗ ಇಲ್ಲ ಅಂತ ನೀವೇ ಬರೆದಿದ್ದೀರಿ. ತುರಿಕೆ ಒಬ್ಬರಿಂದ ಒಬ್ಬರಿಗೆ ದಾಟುವುದಕ್ಕೂ ಆ ಇಕ್ಕಟ್ಟಿಗೂ ಸಂಬಂಧ ಇದೆ.

ಇನ್ನು ವಾರ್ಡನ್ ಅವರ ಗಾದೆ. ಅದು ಸುಮ್ನೆ ಬಂದದ್ದಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯಿಂದ ಓದಲು ಬಂದ ಹುಡುಗರು ವಾರಾನ್ನ ಮಾಡುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಪ್ಪು ಕಡಿಮೆ ಅನ್ನುವ ಹಕ್ಕೂ ಆ ಹುಡುಗನಿಗೆ ಇರಲಿಲ್ಲ. ವಾರಾನ್ನವೂ ಸಿಗದ ಜಾತಿಯ ಮಕ್ಕಳಿಗೆ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಶಾಲೆ, ವಸತಿ ಎರಡನ್ನೂ ಕಟ್ಟಿದರು. 1897ರಲ್ಲಿ ಅವರು ದಲಿತರಿಗಾಗಿ ಶುರು ಮಾಡಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿಗಾಗಿ ಸ್ವಂತ ಸಮಾಜದಿಂದಲೇ ಬಹಿಷ್ಕಾರ ಅನುಭವಿಸಿದರು. ಮಠಗಳು ಉಚಿತ ಪ್ರಸಾದ ನಿಲಯ ತೆರೆದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ದುಡ್ಡಿಲ್ಲದೆ ಉಂಡು ಓದುತ್ತಾರೆ. ಆ ಋಣ ದೊಡ್ಡದು, ಅದನ್ನು ತಿಳಿದವರು ಕೈಮುಗಿಯಲಿ. ಆದರೆ ರಸೀದಿ ಹರಿದು ಕೊಟ್ಟ ಹಾಸ್ಟೆಲ್ ಈ ಗಾದೆಯನ್ನು ಎರವಲು ತರುವುದು ನನಗೆ ಸರಿ ಕಾಣುವುದಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೂ ಇದೇ ಮಾತು. ಅಲ್ಲಿ ಖರ್ಚಾಗುವುದು ಯಾರ ಮನೆಯ ಗಂಟೂ ಅಲ್ಲ, ನಮ್ಮೆಲ್ಲರ ತೆರಿಗೆ.

ಈಗ ಬಾಗಿಲ ಹತ್ತಿರದ ಮಂಚದ ವಿಷಯ. ಪತ್ರದಲ್ಲಿ ನನಗೆ ತುಂಬಾ ನೋವಾದ ಜಾಗ ಇದು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ರಾತ್ರಿ ಹೊತ್ತು ಹೆಚ್ಚಾಗುವ ತುರಿಕೆ, ಬೆರಳ ಸಂದಿ, ಮಣಿಕಟ್ಟು, ಕಂಕುಳು, ಸೊಂಟದ ಸುತ್ತ ಸಣ್ಣ ಗುಳ್ಳೆ. ನೀವು ಬರೆದ ಲಕ್ಷಣ ನೋಡಿದರೆ ಕಜ್ಜಿ, ಅಂದರೆ ಡಾಕ್ಟರು ಸ್ಕೇಬೀಸ್ ಅನ್ನುವುದು ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಿಯೇ ಖಚಿತ ಮಾಡಿಕೊಳ್ಳಬೇಕು. ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ದಿನಕ್ಕೆರಡು ಸಲ ಸ್ನಾನ ಮಾಡುವವಳಿಗೂ ಬರುತ್ತದೆ. ಒಂದೇ ಹಾಸಿಗೆಯಲ್ಲಿ ಕೂತು ಓದಿದರೆ, ತಬ್ಬಿಕೊಂಡು ಮಲಗಿದರೆ, ಹೊದಿಕೆ ಬದಲಾಯಿಸಿಕೊಂಡರೆ ದಾಟುತ್ತದೆ.

ಎಲ್ಲರೂ ಎಡವುವುದು ಇಲ್ಲಿ. ಮೊದಲ ಸಲ ನುಸಿ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಅವರು ಬೇರೆಯವರಿಗೆ ಹರಡಬಲ್ಲರು. ಹಾಗಾಗಿ ಮೊದಲು ಕೆರೆದುಕೊಂಡವಳೇ ತಂದವಳು ಅಂತ ಹೇಳಲು ಬರುವುದಿಲ್ಲ. ಅವಳ ಮಂಚ ತಳ್ಳಿದ ಮೂವರಲ್ಲಿ ಯಾರಿಂದಲೋ ಅವಳಿಗೆ ಬಂದಿರಲೂಬಹುದು. ಇದನ್ನು ನಿಮ್ಮ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿ.

ಸಾಮಾನ್ಯವಾಗಿ ಡಾಕ್ಟರು ಬರೆಯುವುದು ಶೇ. 5ರ ಪರ್ಮೆಥ್ರಿನ್ ಕ್ರೀಮು. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಬೇಕು. ಗುಳ್ಳೆ ಇರುವ ಕಡೆಗೆ ಮಾತ್ರ ಅಲ್ಲ. ಉಗುರ ಕೆಳಗೆ, ಹೊಕ್ಕುಳಲ್ಲಿ, ಕಾಲ್ಬೆರಳ ಸಂದಿಯಲ್ಲೂ ಹಚ್ಚಬೇಕು. ಬೆಳಿಗ್ಗೆ ಸ್ನಾನ. ಒಂದು ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಇರಲಿ, ಇಲ್ಲದಿರಲಿ, ರೂಮಿನ ನಾಲ್ವರೂ ಅದೇ ರಾತ್ರಿ ಹಚ್ಚಬೇಕು. ಒಬ್ಬಳು ತಪ್ಪಿಸಿಕೊಂಡರೆ ತಿಂಗಳೊಳಗೆ ಮತ್ತೆ ಎಲ್ಲರಿಗೂ. ಹಾಸ್ಟೆಲ್‌ಗಳಲ್ಲಿ ಕಜ್ಜಿ ವರ್ಷಗಟ್ಟಲೆ ಸುತ್ತುವುದಕ್ಕೆ ಕಾರಣ ಇಷ್ಟೆ: ಈ ವಾರ ಒಬ್ಬಳಿಗೆ ಔಷಧಿ, ಮುಂದಿನ ವಾರ ಇನ್ನೊಬ್ಬಳಿಗೆ. ಮರುದಿನ ಬೆಳಿಗ್ಗೆ ಉಟ್ಟ ಬಟ್ಟೆ, ಟವೆಲ್, ಬೆಡ್‌ಶೀಟ್, ದಿಂಬಿನ ಕವರ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ರಗ್ಗು, ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಡಿ. ಮೈ ಬಿಟ್ಟರೆ ಈ ನುಸಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ನುಸಿ ಸತ್ತ ಮೇಲೂ ಎರಡು ಮೂರು ವಾರ ಕೆರೆತ ಇರುತ್ತದೆ, ಗಾಬರಿ ಬೇಡ.

ಮೆಡಿಕಲ್ ಶಾಪಿನವರು 'ತುರಿಕೆಗಾ, ತಗೊಳ್ಳಿ' ಅಂತ ಕೊಡುವ ಟ್ಯೂಬು ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ನಾಲ್ಕು ದಿನ ತುರಿಕೆ ಅಡಗುತ್ತದೆ, ರೋಗ ಒಳಗೊಳಗೇ ಹಬ್ಬುತ್ತದೆ, ಆಮೇಲೆ ಡಾಕ್ಟರಿಗೂ ಗುರುತು ಸಿಗುವುದು ಕಷ್ಟ.

(ತಿಗಣೆಯನ್ನೂ ಕೇಳಿದ್ದೀರಿ. ಅದು ರೋಗ ಹರಡುವುದಿಲ್ಲ, ನಿದ್ದೆ ಕೆಡಿಸುತ್ತದೆ. ಮಂಚದ ಸಂದಿಗಳಿಗೆ ಕುದಿಯುವ ನೀರು ಹೊಯ್ಯುವ ಹಳೇ ಉಪಾಯ ಈಗಲೂ ಒಳ್ಳೆಯದೇ. ಔಷಧಿ ಹೊಡೆಸಿದರೆ ಎರಡು ವಾರಕ್ಕೆ ಮತ್ತೊಮ್ಮೆ ಹೊಡೆಸಬೇಕು, ಮೊಟ್ಟೆಗಳು ಮೊದಲ ಸಲಕ್ಕೆ ಸಾಯುವುದಿಲ್ಲ. ಇದೂ ಅಷ್ಟೆ, ಇಡೀ ಮಹಡಿಗೆ ಒಂದೇ ದಿನ.)

ಸರಿ, ಕ್ಲೀನ್ ಮಾಡುವವರು ಯಾರು? ರೂಮು ನಿಮ್ಮದು, ಗುಡಿಸಿ ಒರೆಸಿ. ಬಚ್ಚಲ ಜಾಲಿಯಲ್ಲಿ ಸುತ್ತಿಕೊಂಡ ಕೂದಲು ನಿಮ್ಮದು. ಸ್ನಾನ ಮುಗಿಸಿದವರು ತೆಗೆದು ಕಸಕ್ಕೆ ಹಾಕಬೇಕು, ಇದಕ್ಕೆ ವಾರ್ಡನ್ ಬೇಕಿಲ್ಲ. ಆದರೆ ಶೌಚಾಲಯ ತೊಳೆಯುವುದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ. ಅದನ್ನು 'ಶ್ರಮದಾನ' ಅಂತ ವಿದ್ಯಾರ್ಥಿಗಳ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಆ ಕೆಲಸ ಯಾರ ಪಾಲಿಗೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ್ದು ಬೆಳಕಿಗೆ ಬಂತು. ಇಳಿದವರು ದಲಿತ ಮಕ್ಕಳು. ರಕ್ಷಣೆ ಇಲ್ಲದೆ ಯಾರನ್ನೇ ಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ.

ನಿಮ್ಮ ಹಾಸ್ಟೆಲ್‌ಗೆ ಬರುವ ಆ ಅಮ್ಮನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ: 'ಆಯಾ ದಿನಾ ಬರ್ತಾಳೆ, ಎರಡು ಗಂಟೆ ಇದ್ದು ಹೋಗ್ತಾಳೆ.' ಮೊದಲು, 'ಬರ್ತಾರೆ' ಅನ್ನಿ. ಆಮೇಲೆ ಅವರ ಹತ್ತಿರ ಕೂತು ಕೇಳಿ. ಮೂರು ಮಹಡಿಗೆ ಅವರೊಬ್ಬರೇನಾ? ಕೈಗವಸು ಕೊಟ್ಟಿದ್ದಾರಾ? ಬ್ರಷ್ ಇದೆಯಾ, ಇಲ್ಲ ಹಿಡಿ ಸವೆದ ಪೊರಕೆಯಾ? ಹೊರಗುತ್ತಿಗೆಯಾದರೆ ಸಂಬಳ ಸರಿಯಾಗಿ ಬರುತ್ತಿದೆಯಾ? ಕಟ್ಟಿಕೊಂಡ ಶೌಚಾಲಯದಲ್ಲಿ ಸಿಕ್ಕಿಕೊಂಡಿರುವುದು ಏನು ಅಂತಲೂ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಲೇಡೀಸ್ ಹಾಸ್ಟೆಲ್‌ಗಳಲ್ಲಿ ಮಾಮೂಲಾಗಿ ಅದು ಪ್ಯಾಡು. ಒಳಗೆ ಮುಚ್ಚಳದ ಡಸ್ಟ್‌ಬಿನ್ ಇಲ್ಲದಿದ್ದರೆ ಹುಡುಗಿಯರು ಎಲ್ಲಿ ಹಾಕಬೇಕು? ಕೈಯಲ್ಲಿ ಹಿಡಿದು ಕಾರಿಡಾರ್ ದಾಟಲು ನಾಚಿಕೆ, ನೀರಿಗೆ ಬಿಡುತ್ತಾರೆ. ಆಮೇಲೆ ಇನ್ನೊಬ್ಬ ಹೆಂಗಸು ಅದನ್ನು ಕೈಹಾಕಿ ತೆಗೆಯುತ್ತಾರೆ. ಪ್ರತಿ ಶೌಚಾಲಯಕ್ಕೊಂದು ಡಸ್ಟ್‌ಬಿನ್, ಪಕ್ಕದಲ್ಲಿ ಸುತ್ತಲು ಹಳೇ ಪೇಪರ್. ನಮ್ಮ ಪತ್ರಿಕೆಯನ್ನೇ ಹರಿದಿಡಿ, ನನಗೇನೂ ಬೇಸರವಿಲ್ಲ.

ನೀವೇ ತೊಳೆಯಲು ಹೊರಟರೆ ಒಂದು ಎಚ್ಚರಿಕೆ. ಟಾಯ್ಲೆಟ್ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಅಪಾಯ. ಬಿ.ಎಸ್ಸಿ. ಓದುವವರಿಗೆ ನಾನು ಹೇಳಬೇಕಿಲ್ಲ, ಆದರೂ.

ನೀರಿನ ಟ್ಯಾಂಕಿಗೆ ಬರೋಣ. ಟೆರೇಸ್ ಹತ್ತಿ ನೋಡಿದ್ದೀರಾ? ಮುಚ್ಚಳ ಇದೆಯಾ, ಓವರ್‌ಫ್ಲೋ ಪೈಪಿಗೆ ಜಾಲರಿ ಇದೆಯಾ, ಪಾರಿವಾಳ ಕೂರುತ್ತವೆಯಾ, ಕೊನೆಯ ಸಲ ತೊಳೆದ ತಾರೀಖು ಎಲ್ಲಾದರೂ ಬರೆದಿದೆಯಾ? 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನಿಂದಲೇ 40ಕ್ಕೂ ಹೆಚ್ಚು ವಿದ್ಯಾರ್ಥಿಗಳು ವಾಂತಿ ಭೇದಿಯಾಗಿ ವಿಕ್ಟೋರಿಯಾ ಆಸ್ಪತ್ರೆ ಸೇರಿದ್ದರು. ನಾಳೆ ಡಾಕ್ಟರಾಗುವವರ ಗತಿಯೇ ಹಾಗಾದರೆ ಉಳಿದವರದ್ದೇನು? ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆರೋಗ್ಯ ಇಲಾಖೆಯವರು ಒಂದೆರಡು ಹನಿ ದ್ರಾವಣ ಹಾಕಿ ಹಳದಿ ಬಣ್ಣ ಬರುತ್ತದಾ ಅಂತ ನಿಂತ ನಿಲುವಿನಲ್ಲೇ ನೋಡಿ ಹೇಳುತ್ತಾರೆ.

ನೀರು ಎರಡೇ ಗಂಟೆ ಬರುವುದರಿಂದ ಪ್ರತಿ ರೂಮಿನಲ್ಲೂ ಬಕೆಟ್ ತುಂಬಿಡುತ್ತೀರಿ, ಅಲ್ವಾ? ಡೆಂಗಿ ಸೊಳ್ಳೆಗೆ ಆ ಬಕೆಟ್ಟೇ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗಿನ ಅಂಚನ್ನು ಉಜ್ಜಿ ಒಣಗಿಸಿ. ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ.

ಮೆಸ್ಸಿನ ಊಟದ ಬಗ್ಗೆ ನೀವು ಏನೂ ಬರೆದಿಲ್ಲ. ಬರೆದಿದ್ದರೆ ಈ ಪುಟ ಸಾಲುತ್ತಿರಲಿಲ್ಲ, ಬಿಡಿ.

ದೂರು ಕೊಡಿ. ಬಾಯಿಮಾತಲ್ಲಿ ಅಲ್ಲ, ಒಂದು ಹಾಳೆಯಲ್ಲಿ. 'ಗಬ್ಬು ನಾರುತ್ತಿದೆ, ದಯವಿಟ್ಟು ಗಮನಿಸಿ' ಅಂತ ಬರೆದರೆ ಅದು ಕಸದ ಬುಟ್ಟಿಗೆ. 42 ಜನ, ಬಳಕೆಗೆ ಎರಡು ಶೌಚಾಲಯ, ಇರಬೇಕಾದ್ದು ಏಳು, ಬೀಗ ಹಾಕಿದ್ದು ಯಾವ ದಿನದಿಂದ, ನೀರು ಎಷ್ಟು ಗಂಟೆ, ಟ್ಯಾಂಕ್ ತೊಳೆದ ತಾರೀಖು ಯಾವುದು, ಹೀಗೆ ಬರೆಯಿರಿ. ಕೇಳುವುದನ್ನೂ ಸ್ಪಷ್ಟವಾಗಿ ಕೇಳಿ. ಬೀಗ ಈ ವಾರ ತೆಗೆಯಬೇಕು, ಬ್ಲಾಕ್ ಆದದ್ದಕ್ಕೆ ಪ್ಲಂಬರ್ ಕರೆಸಬೇಕು, ಇನ್ನೊಬ್ಬ ಕೆಲಸದವರು ಬೇಕು, ಡಸ್ಟ್‌ಬಿನ್ ಬೇಕು. ಪ್ರಿನ್ಸಿಪಾಲರಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮೊದಲ ಸಹಿ ಯಾರದು ಅಂತ ಹುಡುಕಿ ಅವಳನ್ನೇ ಹಿಡಿಯುವ ಚಾಳಿ ಎಲ್ಲ ಕಡೆ ಇದೆ. ಹಾಗಾಗಿ ಸಹಿಗಳನ್ನು ಸಾಲಾಗಿ ಹಾಕದೆ ಒಂದು ವೃತ್ತ ಬರೆದು ಅದರ ಸುತ್ತ ಹಾಕಿ. ಜೊತೆಗೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಪತ್ರ, ನೀರು ಪರೀಕ್ಷೆ ಮಾಡಿಕೊಡಿ ಅಂತ. ಸರ್ಕಾರಿ ಹಾಸ್ಟೆಲ್‌ನಲ್ಲಿರುವ ಓದುಗರಿಗೆ ಇನ್ನೊಂದು ದಾರಿ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ನಿರ್ವಹಣೆಯ ಖರ್ಚಿನ ಬಿಲ್ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಲೇಬೇಕು.

ವಾರ್ಡನ್ ಮೇಡಂ ಮೇಲೆ ಹರಿಹಾಯಬೇಡಿ. ಬೀಗ ತೆಗೆಸುವ ಅಧಿಕಾರವೂ ಅವರಿಗೆ ಇದೆಯೋ ಇಲ್ಲವೋ. ನಿಮ್ಮ ಹಾಳೆ ಅವರಿಗೂ ಅನುಕೂಲ, ಮೇಲಿನವರಿಗೆ ತೋರಿಸಲು ಒಂದು ಕಾಗದ ಸಿಕ್ಕಂತಾಯಿತು.

ಕೊನೆಗೆ ದೀಪಾವಳಿ. ಖಂಡಿತ ಹೋಗಿ. ಈ ವಾರವೇ ನಾಲ್ವರೂ ಡಾಕ್ಟರನ್ನು ನೋಡಿ, ಅವರು ಹೇಳಿದರೆ ಒಂದೇ ರಾತ್ರಿ ಔಷಧಿ ಹಚ್ಚಿಕೊಳ್ಳಿ. ಸರಿಯಾಗಿ ಹಚ್ಚಿದ ಮರುದಿನದಿಂದ ಹರಡುವ ಭಯ ಹೆಚ್ಚೇನೂ ಇಲ್ಲ. ಊರಿಗೆ ಒಗೆದ ಬಟ್ಟೆ ಮಾತ್ರ ಒಯ್ಯಿರಿ, ಹಾಸ್ಟೆಲ್ ರಗ್ಗು ಬೇಡ. ಕೂಸಿನ ಮೈಮೇಲೆ ಗುಳ್ಳೆ ಕಂಡರೆ ನಿಮ್ಮ ಕ್ರೀಮು ನೀವೇ ಹಚ್ಚಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಎರಡನೇ ಸಲ ಹಚ್ಚುವ ದಿನ ರಜೆಯಲ್ಲೇ ಬರುವುದರಿಂದ ಟ್ಯೂಬು ಬ್ಯಾಗಿನಲ್ಲಿರಲಿ. ನಾಲ್ವರು ನಾಲ್ಕು ಊರಲ್ಲಿದ್ದರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಒಬ್ಬರಿಗೊಬ್ಬರು ಫೋನ್ ಮಾಡಿ ನೆನಪಿಸಿ, ಬಾಗಿಲ ಹತ್ತಿರದ ಮಂಚದವಳಿಗೆ ಮೊದಲು.