ಲೆಕ್ಕದ ಪುಸ್ತಕದ ಹಿಂದಿನ ಪುಟಗಳು

ಪ್ರಶ್ನೆ: ನನಗೆ 46 ವರ್ಷ. ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಏಳು ವರ್ಷ ನೋಡಿಕೊಂಡೆ. ಅವರು ತೀರಿಕೊಂಡು ಐದು ತಿಂಗಳಾಯಿತು. ರಾತ್ರಿ ನಿದ್ರೆ ಬಾರದಾಗ ಮನೆಖರ್ಚಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯತೊಡಗಿದೆ. ಮೊನ್ನೆ ಓದಿ ನೋಡಿದರೆ, ಅವರು ಹೋದದ್ದರಿಂದ ನಿರಾಳವಾದೆನೆಂದು ನನ್ನದೇ ಅಕ್ಷರದಲ್ಲಿದೆ. ನೆಂಟರಿಷ್ಟರೆಲ್ಲ ನನ್ನನ್ನು ಮಗಳಿಗಿಂತ ಹೆಚ್ಚೆಂದು ಹೊಗಳುತ್ತಾರೆ. ಹಾಗಾದರೆ ನಾನು ನಿಜವಾಗಿ ಎಂಥವಳು? ಪುಸ್ತಕವನ್ನು ಸುಟ್ಟುಬಿಡಲೇ, ಪತಿಗೆ ತೋರಿಸಲೇ? ಎರಡು ಪುಟಗಳ ಪ್ರತಿಯನ್ನು ಕಳಿಸಿದ್ದೇನೆ.
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ, ಪುಸ್ತಕವನ್ನು ಸುಡಬೇಡಿ. ನೀವು ಕಳಿಸಿದ ಪುಟಗಳನ್ನು ನಾನು ಹಲವು ಸಲ ಓದಿದೆ. ನಿಮ್ಮನ್ನು ಹೆದರಿಸಿದ ಆ ವಾಕ್ಯಕ್ಕಿಂತ ಅದರ ಹಿಂದಿನ ವಾಕ್ಯಗಳೇ ನನ್ನನ್ನು ಹೆಚ್ಚು ಕಾಡಿದವು. ಮೊದಲ ಪುಟದಲ್ಲಿ ‘ಎಬ್ಬಿಸಬೇಕಾಯಿತು’, ‘ಒರೆಸಬೇಕಾಯಿತು’, ‘ಉಣಿಸಬೇಕಾಯಿತು’ ಎಂದೇ ಸಾಲುಗಳು ಮುಗಿಯುತ್ತವೆ. ಇಷ್ಟೆಲ್ಲವನ್ನು ಮಾಡಿದವರು ಯಾರೆಂಬುದು ಅಲ್ಲಿ ಎಲ್ಲಿಯೂ ಇಲ್ಲ. ಕರ್ತೃವನ್ನು ಹೇಳದೆಯೇ ವಾಕ್ಯವನ್ನು ಪೂರ್ಣಗೊಳಿಸುವ ಅನುಕೂಲ ನಮ್ಮ ಭಾಷೆಯಲ್ಲಿದೆ, ಮತ್ತು ಏಳು ವರ್ಷಗಳ ದುಡಿಮೆಯನ್ನು ನೀವು ಆ ಅನುಕೂಲದ ಮರೆಯಲ್ಲಿಯೇ ಬರೆದಿದ್ದೀರಿ. ‘ನಾನು’ ಎಂಬ ಪದ ಮೊದಲ ಬಾರಿಗೆ ಕಾಣಿಸುವುದು ‘ಅಂದು ನಾನು ನಿರಾಳವಾದೆ’ ಎಂಬಲ್ಲಿ. ಅಷ್ಟು ದಿನ ಬಾಯಿಬಿಡದಿದ್ದವಳು ಮಾತಿಗೆ ಬಂದದ್ದೇ ಆ ಸಾಲಿನಲ್ಲಿ. ಅವಳ ಮೊದಲ ಮಾತು ದಣಿವಿನದ್ದಾಗಿದ್ದರೆ ಅದರಲ್ಲಿ ಕ್ರೌರ್ಯವನ್ನು ಕಾಣಲು ನನಗೆ ಸಾಧ್ಯವಾಗುತ್ತಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಕಹಿ ಘಟನೆಗಳನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಘಟನೆಯ ಜೊತೆಗೆ ಭಾವನೆಯನ್ನೂ ಬರೆದವರಿಗೆ ಬರೆದ ಕೂಡಲೇ ಮನಸ್ಸು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಅಂಥ ಬರಹಗಳನ್ನು ಮುಂದೆ ಪರಿಶೀಲಿಸಿದಾಗ, ‘ನಾನು’ ಮುಂತಾದ ಸರ್ವನಾಮಗಳ ಬಳಕೆ ದಿನದಿಂದ ದಿನಕ್ಕೆ ಬದಲಾಗುತ್ತಿದ್ದವರಿಗೇ, ಅಂದರೆ ಒಂದೇ ಸಂಗತಿಯನ್ನು ಬೇರೆ ಬೇರೆ ಕಡೆಯಿಂದ ನೋಡಿದವರಿಗೇ, ಹೆಚ್ಚು ಪ್ರಯೋಜನವಾದದ್ದು ಕಂಡುಬಂತು. ಆದ್ದರಿಂದ ಒಂದು ರಾತ್ರಿಯ ವಾಕ್ಯವನ್ನು ನಿಮ್ಮ ಮೇಲಿನ ತೀರ್ಪೆಂದು ಭಾವಿಸದೆ ಬರವಣಿಗೆಯನ್ನು ಮುಂದುವರಿಸಿ. ಒಂದು ದಿನ ‘ಬೇಕಾಯಿತು’ ಎಂದಿರುವ ಸಾಲುಗಳನ್ನೇ ‘ಎಬ್ಬಿಸಿದೆ’, ‘ಒರೆಸಿದೆ’ ಎಂದು ತಿದ್ದಿ ಬರೆದು ನೋಡಿ. ಇನ್ನೊಂದು ದಿನ, ಮಂಚದ ಮೇಲಿದ್ದ ಅತ್ತೆಯವರ ಕಣ್ಣಿಗೆ ನೀವು ಹೇಗೆ ಕಾಣುತ್ತಿದ್ದಿರಬಹುದೆಂದು ಬರೆಯಿರಿ. ಇದು ಸುಲಭವಲ್ಲ, ಕೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ.

ಪುಸ್ತಕವನ್ನು ಪತಿಗೆ ಕೊಡುವುದು ಈಗ ಬೇಡ. ಇನ್ನೊಬ್ಬರು ಓದುತ್ತಾರೆಂದು ತಿಳಿದ ಮರುಕ್ಷಣವೇ ಬರವಣಿಗೆ ಅಂಜತೊಡಗುತ್ತದೆ. ಆದರೆ ಎರಡನೆಯ ಪುಟದಲ್ಲಿ, ‘ಇವರು ಒಂದು ರಾತ್ರಿಯೂ ಎದ್ದು ಬರಲಿಲ್ಲ’ ಎಂದು ಬರೆದಿದ್ದೀರಿ. ಆ ಮಾತು ಅವರಿಗೆ ಸೇರಬೇಕಾದದ್ದು. ಅದನ್ನು ಎದುರು ಕುಳಿತು, ಬಾಯಿಯಿಂದಲೇ ಹೇಳಿ.

ಐದು ತಿಂಗಳಾದರೂ ನಿದ್ರೆ ಬಾರದಿರುವುದನ್ನು ಮಾತ್ರ ಬರವಣಿಗೆಯ ಮೇಲೆಯೇ ಬಿಡಬೇಡಿ. ಒಮ್ಮೆ ವೈದ್ಯರನ್ನು ಕಾಣಿರಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಆಪ್ತಸಮಾಲೋಚಕರೊಂದಿಗೆ ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ಪುಟದ ತಳದಲ್ಲಿ ನೀವು ಬರೆದು ಹೊಡೆದುಹಾಕಿರುವ ಸಾಲೊಂದಿದೆ. ಗೀಟಿನ ಕೆಳಗೂ ಅದು ಓದಲು ಸಿಗುತ್ತದೆ: ‘ಎಣ್ಣೆ ಹಚ್ಚುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.’ ಅದನ್ನು ಏಕೆ ಹೊಡೆದುಹಾಕಿದಿರೋ ನಾನರಿಯೆ. ಮುಂದಿನ ಸಲ ಪುಸ್ತಕ ತೆರೆದಾಗ ಆ ಸಾಲಿನಿಂದ ಆರಂಭಿಸಿ.