ರೋಲ್ ಟ್ಯಾಪ್ ಮುರಿಯುತ್ತಿದ್ದರೆ ಮೊದಲು ತೂತು ಅಳೆಯಿರಿ

ಪ್ರೆಸ್ ಟೂಲ್ ಒಳಗೇ 2 ಎಂಎಂ ಸಿಆರ್ (ಕೋಲ್ಡ್ ರೋಲ್ಡ್ ಸ್ಟೀಲ್) ಶೀಟ್‌ಗೆ ತೂತಿನೊಳಗೆ ಥ್ರೆಡ್ ಮಾಡೋಕೆ ಎಂ6 (6 ಎಂಎಂ ಬೋಲ್ಟ್ ಅಳತೆ) ರೋಲ್ ಟ್ಯಾಪ್ ಹಾಕ್ತಿದ್ದೀರಿ, ಆಯಿಲ್ ಜಾಸ್ತಿ ಮಾಡಿದರೂ ಮುರಿಯುತ್ತಿದೆ ಅಂದಿರಿ. ತೂತು ಹೊಡೆಯುವ ಪಂಚ್ ಎಷ್ಟು ಸರ್, 5 ಎಂಎಂ? ಅದು ಕಟಿಂಗ್ ಟ್ಯಾಪ್‌ನ ಅಳತೆ. ರೋಲ್ ಟ್ಯಾಪ್ ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಒತ್ತಿ ಥ್ರೆಡ್ ಎಬ್ಬಿಸುತ್ತದೆ. 1 ಎಂಎಂ ಪಿಚ್‌ಗೆ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ದೂರ) ತೂತು 5.5ರಿಂದ 5.6 ಎಂಎಂ ಬೇಕು. ತೂತು ಬಿಗಿಯಾದರೆ ಯಾವ ಆಯಿಲೂ ಕಾಪಾಡುವುದಿಲ್ಲ.

ತೂತು ಸರಿಯಿದೆಯಾ? ಹಾಗಾದರೆ ಮುರಿದ ಟ್ಯಾಪ್ ಎಸೆಯಬೇಡಿ, ಲೆನ್ಸ್ ಹಿಡಿದು ನೋಡಿ. ಹಲ್ಲಿನ ತುದಿಗೆ ಶೀಟ್‌ನ ಲೋಹ ಬೆಳ್ಳಗೆ ಮೆತ್ತಿಕೊಂಡಿದ್ದರೆ ಅಲ್ಲಿಗೆ ಆಯಿಲ್ ತಲುಪುತ್ತಿಲ್ಲ. ನಮ್ಮ ಶಾಪ್‌ನಲ್ಲಿ ಒಮ್ಮೆ ಹೀಗೇ ಆಗಿತ್ತು. ಶೀಟ್ ಎಲ್ಲಾ ತೊಯ್ದಿತ್ತು, ಟ್ಯಾಪ್ ಮಾತ್ರ ಒಣಗಿತ್ತು. ನಾಜಲ್ ಒಂದು ಬೆರಳಿನಷ್ಟು ಆಚೆ ತಿರುಗಿತ್ತು ಅಷ್ಟೇ. ಪ್ರತಿ ಸ್ಟ್ರೋಕ್‌ಗೂ ಟ್ಯಾಪ್ ತುದಿಗೇ ಆಯಿಲ್ ಬೀಳಬೇಕು. ಒಳಗಿಂದ ಆಯಿಲ್ ಬರುವ ಟ್ಯಾಪ್ ಸಿಕ್ಕರೆ ದುಡ್ಡು ಜಾಸ್ತಿಯಾದರೂ ತಗೊಳ್ಳಿ.

ಲೋಹ ಮೆತ್ತಿಲ್ಲ, ಸುಮ್ನೆ ಕಟ್ ಆಗಿದೆ ಅಂದರೆ ಸ್ಟ್ರಿಪ್ (ಟೂಲ್ ಒಳಗೆ ಸಾಗುವ ಶೀಟ್ ಪಟ್ಟಿ) ಅಲುಗಾಡುತ್ತಿರಬಹುದು. ಟ್ಯಾಪ್ ಒಳಗೆ ಹೋಗುವ ಮುಂಚೆಯೇ ಪೈಲಟ್ (ಸ್ಟ್ರಿಪ್ಪನ್ನು ಸರಿ ಜಾಗಕ್ಕೆ ತರುವ ಪಿನ್) ತನ್ನ ತೂತಿನಲ್ಲಿ ಕೂತು, ಮೇಲಿಂದ ಒತ್ತುವ ಸ್ಟ್ರಿಪ್ಪರ್ ಪ್ಲೇಟ್ ಶೀಟನ್ನು ಗಟ್ಟಿಯಾಗಿ ಹಿಡಿದಿರಬೇಕು. ಟ್ಯಾಪ್ ಪೂರ್ತಿ ಹೊರಗೆ ಬರುವ ತನಕ ಬಿಡಬಾರದು. ಪ್ರೆಸ್ಸನ್ನು ಇಂಚಿಂಗ್‌ನಲ್ಲಿ (ಸ್ವಲ್ಪ ಸ್ವಲ್ಪವೇ ಓಡಿಸುವ ಮೋಡ್) ನಿಧಾನ ಇಳಿಸಿ ನೋಡಿ, ಕಣ್ಣಿಗೇ ಕಾಣುತ್ತದೆ.