ಗೆಳತಿ ಜೋಗಿಮಟ್ಟಿ ಏರುವ ಓಟಕ್ಕೆ ನನ್ನ ಹೆಸರು ಬರೆಸಿದ್ದಾಳೆ. ಹದಿನೈದು ದಿನದಲ್ಲಿ ತಯಾರಾಗಬಹುದೇ?

ನೀವು ಹುಬ್ಬಳ್ಳಿಯವರು, ಮದುವೆಗೆಂದು ದಾವಣಗೆರೆಗೆ ಹೊರಟಿದ್ದೀರಿ, ಅಲ್ಲಿನ ಗೆಳತಿ ನಿಮ್ಮನ್ನು ಕೇಳದೆಯೇ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಏರುವ ಓಟಕ್ಕೆ ಸೇರಿಸಿದ್ದಾಳೆ ಎಂದು ಬರೆದಿದ್ದೀರಿ. ಓದಿದ ಕೂಡಲೇ ನನ್ನ ತೊಡೆಗಳಿಗೆ ಹಳೆಯದೆಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ ನಾನೂ ಹೀಗೆಯೇ ಸಿಕ್ಕಿಬಿದ್ದವನು.

ಕಚೇರಿ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದೆ. ಹಾಸ್ಟೆಲಿನ ಕಾಲದ ಗೆಳೆಯ ಬೆಣ್ಣೆ ದೋಸೆ ತಿನ್ನಿಸಲು ಕರೆದೊಯ್ದ. ಮೂರನೆಯ ದೋಸೆ ಬಂದಾಗ, "ನಾಳೆ ಬೆಳಿಗ್ಗೆ ದುರ್ಗಕ್ಕೆ ಹೋಗೋಣ" ಎಂದ. ಕೋಟೆ ನೋಡಲಿಕ್ಕೋ ಎಂದೆ. "ಕೋಟೆ ನಾಡಿದ್ದು. ನಾಳೆ ಸಣ್ಣದೊಂದು ಓಟವಿದೆ. ಬರೀ ಹತ್ತು ಕಿಲೋಮೀಟರ್ ಕಣೋ." ಬಾಯಲ್ಲಿ ಬೆಣ್ಣೆಯಿರುವಾಗ ಮನುಷ್ಯ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಆ ಹತ್ತು ಕಿಲೋಮೀಟರ್ ಆಕಾಶದ ಕಡೆಗೆ ಎಂಬುದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಆಡುಮಲ್ಲೇಶ್ವರದ ಕಿರು ಮೃಗಾಲಯದವರೆಗೆ ನಾನು ಓಟಗಾರನೇ ಆಗಿದ್ದೆ. ಆಮೇಲೆ ರಸ್ತೆ ತಿರುವಿನ ಮೇಲೆ ತಿರುವು ತೆಗೆದುಕೊಂಡು ಕುರುಚಲು ಕಾಡಿನೊಳಗೆ ಏರತೊಡಗಿತು. ಪ್ರತಿ ತಿರುವಿನಲ್ಲೂ ತುದಿ ಬಂತೆನ್ನಿಸುತ್ತಿತ್ತು, ಬರುತ್ತಿರಲಿಲ್ಲ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಅವನ್ನು ಅಲ್ಲಿ ಸುಮ್ಮನೆ ನೆಟ್ಟಿಲ್ಲ ಎಂಬುದು ಎದುರುಗಾಳಿ ಎದೆಗೆ ಬಡಿದಾಗ ಅರ್ಥವಾಯಿತು. ಗೆಳೆಯ ಆಗಲೇ ಕಣ್ಮರೆಯಾಗಿದ್ದ. ಅರವತ್ತು ದಾಟಿದ ಹಿರಿಯರೊಬ್ಬರು ಬಿರುಸಾಗಿ ನಡೆಯುತ್ತಲೇ ನನ್ನನ್ನು ಹಿಂದೆ ಹಾಕಿದರು. "ಓಡಬೇಡಪ್ಪ, ನಡೆ. ಮಾತಾಡುವಷ್ಟು ಉಸಿರು ಉಳಿಸಿಕೋ" ಎಂದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ.

ಅವರು ಹೇಳಿದ್ದು ಸರಿ. ಕಡಿದಾದ ಏರಿನಲ್ಲಿ ನಮ್ಮಂಥವರ ಓಟಕ್ಕೂ ಬಿರುಸು ನಡಿಗೆಗೂ ವೇಗದಲ್ಲಿ ಹೆಚ್ಚು ಅಂತರವಿರುವುದಿಲ್ಲ, ಸುಸ್ತಿನಲ್ಲಿ ಇರುತ್ತದೆ. ಹೆಜ್ಜೆ ಚಿಕ್ಕದಿರಲಿ, ನಾಚಿಕೆಯಿಲ್ಲದೆ ನಡೆಯಿರಿ. ಸಮಯದ ಅಂದಾಜು ಬೇಕಿದ್ದರೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕವಿದೆ: ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಅಂದರೆ ಎರಡು ಗಂಟೆಯ ಮೇಲಾದರೂ ಯಾರೂ ನಗುವಂತಿಲ್ಲ. ಹಿಂದಿನ ರಾತ್ರಿ ಬೆಣ್ಣೆಯಿಂದ ದೂರವಿರಿ. ಜಿಡ್ಡು ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ. ನನ್ನ ಮೂರು ದೋಸೆಗಳು ಕೊನೆಯ ತಿರುವಿನವರೆಗೂ ಜೊತೆಗೇ ಬಂದವು.

ತುದಿಯಲ್ಲಿ ಗೆಳೆಯ ಉಪ್ಪು ಖಾರ ಸವರಿದ ಸೌತೆಕಾಯಿ ಹಿಡಿದು ನಿಂತಿದ್ದ. ಬಯ್ಯಬೇಕೆಂದುಕೊಂಡವನು ಸೌತೆಕಾಯಿ ತಿಂದೆ. ತಂಪು ಗಾಳಿ, ಕೆಳಗೆ ಇಡೀ ದುರ್ಗ, ಹೇಗೋ ಏರಿಬಿಟ್ಟೆನಲ್ಲ ಎಂಬ ಜಂಬ ಬೇರೆ. ಆ ಜಂಬದಲ್ಲಿ, ಬಂದ ವಾಹನ ಹತ್ತದೆ ಇಳಿಜಾರಿನಲ್ಲಿ ಓಡಿಕೊಂಡೇ ಕೆಳಗಿಳಿದೆ. ನನ್ನ ನಿಜವಾದ ತಪ್ಪು ಅದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುತ್ತದೆ. ಅವುಗಳ ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ. ಆದರೆ ನೋವು ತಕ್ಷಣ ಬರುವುದಿಲ್ಲ, ಮರುದಿನವೋ ಮೂರನೆಯ ದಿನವೋ ಬಂದು ವಸೂಲಿ ಮಾಡುತ್ತದೆ.

ಆದ್ದರಿಂದ ಹದಿನೈದು ದಿನದಲ್ಲಿ ಏರುವ ದಮ್ಮು ಕೂಡಿಸಿಕೊಳ್ಳುವ ಆಸೆ ಬಿಡಿ, ಅದಕ್ಕೆ ತಿಂಗಳುಗಳೇ ಬೇಕು. ಇಳಿಯುವುದನ್ನು ಮಾತ್ರ ಕಲಿಯಬಹುದು. ಈ ವಾರವೇ ಒಂದು ಬೆಳಿಗ್ಗೆ ನಿಮ್ಮೂರಿನ ನೃಪತುಂಗ ಬೆಟ್ಟಕ್ಕೆ ಹೋಗಿ ಹಗುರವಾಗಿ ಓಡುತ್ತ ಇಳಿಯಿರಿ. ಎರಡು ದಿನ ತೊಡೆ ಸ್ವಲ್ಪ ನೋಯುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಕೆಲವು ವಾರಗಳ ಮಟ್ಟಿಗೆ ಅದೇ ಪೆಟ್ಟನ್ನು ತಡೆದುಕೊಳ್ಳುತ್ತದೆ. ಎದೆನೋವು, ರಕ್ತದೊತ್ತಡ, ಮಂಡಿಯ ಹಳೆಯ ತೊಂದರೆ ಏನಾದರೂ ಇದ್ದರೆ ಗೆಳತಿಗಿಂತ ಮೊದಲು ವೈದ್ಯರ ಮಾತು ಕೇಳಿ.

ಇನ್ನೊಂದು ಮಾತು. ಕೋಟೆ ನೋಡುವ ಆಸೆಯಿದ್ದರೆ ಓಟಕ್ಕಿಂತ ಎರಡು ದಿನ ಮೊದಲೇ ನೋಡಿಬಿಡಿ. ನಾನು ಮರುದಿನ ಹೋದೆ. ಹತ್ತುವುದೇನೋ ಹತ್ತಿದೆ. ಇಳಿಯುವಾಗ ಗೋಡೆ ಹಿಡಿದು ಏಡಿಯಂತೆ ಅಡ್ಡಡ್ಡ ಮೆಟ್ಟಿಲಿಳಿದೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಒನಕೆ ಓಬವ್ವನ ಕಿಂಡಿ ಬಿಟ್ಟು ನನ್ನನ್ನೇ ನೋಡುತ್ತಿದ್ದರು.